ಹಳೆ ಎಲ್‌ಎ-2ಎ ಕಂಪ್ರೆಸರ್: ಟಿ4 ಬದಲಿಸಬೇಕಾ, ಇದ್ದದ್ದನ್ನೇ ಉಳಿಸಬೇಕಾ?

ಬರ್ಬ್ಯಾಂಕ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕು, ಸ್ವಲ್ಪ ಉದ್ದ ಬರೆಯುತ್ತೇನೆ.

ನಾನಿರುವುದು ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕ್‌ನಲ್ಲಿ, ಊರು ತಿಪಟೂರು, ಕೆಲಸ ಸೌಂಡ್ ಮಿಕ್ಸಿಂಗ್. ಹೋದ ತಿಂಗಳು ಒಂದು ಹಳೆ ಟೆಲಿಟ್ರಾನಿಕ್ಸ್ ಎಲ್‌ಎ-2ಎ ಸಿಕ್ಕಿತು, ದನಿ ಜೋರಾದಾಗ ತಾನೇ ತಗ್ಗಿಸುವ ಕಂಪ್ರೆಸರ್. ರೇಡಿಯೋ ಸ್ಟೇಷನ್‌ನಲ್ಲಿ ಇಂಜಿನಿಯರ್ ಆಗಿದ್ದ ಹಿರಿಯರೊಬ್ಬರ ಗ್ಯಾರೇಜ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಸುಮ್ನೆ ಕೂತಿತ್ತಂತೆ. ದನಿ ಎಷ್ಟು ತಗ್ಗಬೇಕು ಅಂತ ಇಡುವ ಪೀಕ್ ರಿಡಕ್ಷನ್ ನಾಬ್ ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಸಣ್ಣ ಗೆರೆ ಎಳೆದಿದ್ದಾರೆ. ದಿನಾ ಅಲ್ಲಿಗೇ ಇಡುತ್ತಿದ್ದರು ಅಂತ ಕಾಣುತ್ತೆ. ಫಲಕ ಒರೆಸುವಾಗ ಆ ಗೆರೆ ಅಳಿಸಲು ಮನಸ್ಸು ಬರಲಿಲ್ಲ.

ತೊಂದರೆ ಎರಡು. ಆನ್ ಮಾಡಿದರೆ ಗುಂಯ್ ಅಂತ ಸದ್ದು. ಇನ್ನೊಂದು, ಪೀಕ್ ರಿಡಕ್ಷನ್ ಪೂರ್ತಿ ತಿರುಗಿಸಿದರೂ ಮೀಟರ್ ಮುಳ್ಳು 2-3 ಡೆಸಿಬೆಲ್‌ಗಿಂತ (ಡಿಬಿ) ಕೆಳಗೆ ಇಳಿಯುವುದಿಲ್ಲ. ಕಿವಿಗೂ ಅಷ್ಟೇ ಕೇಳಿಸುತ್ತೆ, ಹಾಡುವವರು ಜೋರಾಗಿ ಎತ್ತಿದಾಗ ದನಿ ಹಾಗೇ ನುಗ್ಗಿ ಬರುತ್ತೆ.

ಇಲ್ಲಿನ ರಿಪೇರಿಯವರೊಬ್ಬರು ಮುಚ್ಚಳ ಕೂಡ ಬಿಚ್ಚದೆ "ದನಿ ತಗ್ಗಿಸುವ ಟಿ4 ಹೋಗಿದೆ, ಕೆಪಾಸಿಟರ್ ಅಷ್ಟೂ ತೆಗೆದು ಹೊಸದು ಹಾಕಬೇಕು, ನಾಲ್ಕು ಗಾಜಿನ ವಾಲ್ವ್‌ಗಳೂ ಹೊಸದು ಬೇಕು" ಅಂದರು. ನನಗೆ ಒಪ್ಪಲು ಆಗುತ್ತಿಲ್ಲ. ಇಷ್ಟೆಲ್ಲ ಬದಲಿಸಿದ ಮೇಲೆ ಹಳೆಯದು ಅಂತ ಉಳಿಯುವುದಾದರೂ ಏನು? ಅನುಭವ ಇರುವವರು ಹೇಳಿ.

ಸೋಲ್ಡರ್ ಸೀನ

ಟಿ4 ಬದಲಿಸಿ ಸಾರ್. ಐವತ್ತು ವರ್ಷ ದಾಟಿದ ಬೆಳಕಿನ ಫಲಕ ಸರಿಯಾಗಿರುವ ಸಾಧ್ಯತೆ ಕಡಿಮೆ. ಹೊಸ ಟಿ4 ಈಗಲೂ ಸಿಗುತ್ತೆ, ತೆಗೆದು ಚುಚ್ಚಿದರೆ ಆಯಿತು, ಬೆಸುಗೆಯೂ ಬೇಡ.

ಹಳೆ ರೇಡಿಯೋ

ಸೀನ, ನಿಲ್ಲಿ. ಬರ್ಬ್ಯಾಂಕ್ ಅವರೇ, ಮೊದಲು ಒಂದು ಪ್ರಶ್ನೆ. ಇಪ್ಪತ್ತು ವರ್ಷ ಮಲಗಿದ್ದ ಯಂತ್ರವನ್ನು ನೀವು ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕಿದಿರಾ?

ಬರ್ಬ್ಯಾಂಕ್ ಕನ್ನಡಿಗ

ಹೌದು. ಎರಡು ಸಲ.

ಹಳೆ ರೇಡಿಯೋ

ಮೂರನೇ ಸಲ ಹಾಗೆ ಮಾಡಬೇಡಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬಳಸದೆ ಬಿಟ್ಟರೆ ಒಳಗಿನ ಆಕ್ಸೈಡ್ ಪದರ ತೆಳುವಾಗುತ್ತೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಸಿಡಿಯಬಹುದು, ಜೊತೆಗೆ ಪವರ್ ಟ್ರಾನ್ಸ್‌ಫಾರ್ಮರ್ ಕೂಡ ಸುಟ್ಟು ಹೋಗಬಹುದು. ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ವೇರಿಯಾಕ್ ಇದ್ದರೆ ನಿಧಾನವಾಗಿ ಏರಿಸಿ. ಇಲ್ಲದಿದ್ದರೆ ಹಳೆ ಕಾಲದ ಉಪಾಯ, ಯಂತ್ರಕ್ಕೆ ಬರುವ ಕರೆಂಟ್ ದಾರಿಯಲ್ಲಿ (ಸೀರೀಸ್‌ನಲ್ಲಿ) ಒಂದು ತಂತಿ ಬಲ್ಬ್ ಹಾಕಿ ಆನ್ ಮಾಡಿ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತೆ, ಯಂತ್ರ ಉಳಿಯುತ್ತೆ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಇದು ವಾಲ್ವ್ ಯಂತ್ರ. ಒಳಗೆ 250 ವೋಲ್ಟ್ ಆಸುಪಾಸು ಡಿಸಿ ಇರುತ್ತೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ನಿಂತಿರುತ್ತೆ. ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಇಟ್ಟು ಸೊನ್ನೆ ಆಗಿದೆಯಾ ನೋಡಿ, ಆಮೇಲೆ ಕೈ ಹಾಕಿ. ಆನ್ ಇರುವಾಗ ಅಳೆಯಬೇಕಾದರೆ ಒಂದು ಕೈ ಜೇಬಿನಲ್ಲೇ ಇರಲಿ. ಎರಡು ಕಡ್ಡಿಯ ಹಳೆ ಪ್ಲಗ್ ಇದ್ದರೆ ಅರ್ಥಿಂಗ್ ಇರುವ ಮೂರು ತಂತಿಯ ಕೇಬಲ್ ಹಾಕಿಸಿ. ಹಳೆಯದನ್ನು ಉಳಿಸಿಕೊಳ್ಳುವ ಆಸೆ ಎಷ್ಟೇ ಇರಲಿ, ಈ ಒಂದು ವಿಷಯದಲ್ಲಿ ಬೇಡ.

ಮಿಕ್ಸಿಂಗ್ ಮಗ

ಸಾರ್, ನಾನು ಹೊಸಬ, ಎಲ್‌ಎ-2ಎ ಪ್ಲಗಿನ್, ಅಂದರೆ ಕಂಪ್ಯೂಟರ್‌ನಲ್ಲಿ ಓಡುವ ಅದರ ಸಾಫ್ಟ್‌ವೇರ್ ನಕಲು ಮಾತ್ರ ಬಳಸಿದ್ದೇನೆ. ಈ ಟಿ4 ಅಂದರೆ ಏನು? ಒಳಗೆ ಬಲ್ಬ್ ಇರುತ್ತಾ?

ವಾಲ್ವ್ ವೆಂಕಿ

ಬಲ್ಬ್ ಅಲ್ಲ. ಎಲೆಕ್ಟ್ರೋಲ್ಯೂಮಿನೆಸೆಂಟ್ ಫಲಕ. ಎರಡು ವಾಹಕ ಪದರಗಳ ಮಧ್ಯೆ ಫಾಸ್ಫರ್ ಪುಡಿ ಇರುತ್ತೆ, ಎಸಿ ವೋಲ್ಟೇಜ್ ಕೊಟ್ಟರೆ ಹೊಳೆಯುತ್ತೆ. ಬಲ್ಬ್‌ನ ತಂತಿ ಕಾಯಬೇಕು, ಆರಬೇಕು. ಇದಕ್ಕೆ ಆ ರಗಳೆ ಇಲ್ಲ, ದನಿಯ ಸಿಗ್ನಲ್ಲನ್ನೇ ದೊಡ್ಡದು ಮಾಡಿ ನೇರ ಕೊಟ್ಟರೆ ಸಾಕು. ಎದುರಿಗೆ ಕ್ಯಾಡ್ಮಿಯಂ ಸಲ್ಫೈಡ್ ಫೋಟೋಸೆಲ್ ಎರಡು. ಬೆಳಕು ಬಿದ್ದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತೆ. ಹಾಡುಗಾರ ದನಿ ಎತ್ತಿದ, ಫಲಕ ಹೊಳೆಯಿತು, ಸೆಲ್‌ನ ರೆಸಿಸ್ಟೆನ್ಸ್ ಇಳಿಯಿತು, ಸಿಗ್ನಲ್‌ನ ಒಂದಷ್ಟು ಪಾಲು ಗ್ರೌಂಡ್‌ಗೆ ಹೋಯಿತು, ಹೊರಗೆ ಬರುವ ದನಿ ತಗ್ಗಿತು. ಇಷ್ಟೇ ಕಥೆ.

ಇದರ ಸೊಗಸು ಇರುವುದು ವಾಪಸ್ ಬರುವ ರೀತಿಯಲ್ಲಿ. ಬೆಳಕು ಹೋದ ತಕ್ಷಣ ಸೆಲ್ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಮೊದಲ ಅರ್ಧ ಸುಮಾರು 60 ಮಿಲಿಸೆಕೆಂಡಿನಲ್ಲಿ ಬಂದುಬಿಡುತ್ತೆ, ಉಳಿದ ಅರ್ಧಕ್ಕೆ ಅರ್ಧ ಸೆಕೆಂಡಿನಿಂದ 5 ಸೆಕೆಂಡು ತನಕ ಹಿಡಿಯಬಹುದು. ಎಷ್ಟು ಹೊತ್ತು, ಎಷ್ಟು ಜೋರು ಬೆಳಕು ಬಿದ್ದಿತ್ತು ಅನ್ನುವುದರ ಮೇಲೆ ಅದು ಬದಲಾಗುತ್ತೆ. ಸೆಲ್‌ಗೆ ನೆನಪು ಇದೆ. ಅದಕ್ಕೇ ಈ ಯಂತ್ರದಲ್ಲಿ ಅಟ್ಯಾಕ್ (ತಗ್ಗಿಸುವ ವೇಗ), ರಿಲೀಸ್ (ವಾಪಸ್ ಬರುವ ವೇಗ) ನಾಬ್ ಇಲ್ಲವೇ ಇಲ್ಲ. ಗೇನ್ ಒಂದು, ಪೀಕ್ ರಿಡಕ್ಷನ್ ಒಂದು, ಮುಗಿಯಿತು.

ಬಸವನಗುಡಿ ಬೇಸ್

ಇದನ್ನು ಮಾಡಿದ ಬಿಲ್ ಪುಟ್ನಮ್ ತಲೆಯೇ ತಲೆ. 1176 ಕಂಪ್ರೆಸರ್ ಕೂಡ ಅವರದ್ದೇ ಅಲ್ವಾ.

ಹಳೆ ರೇಡಿಯೋ

1176 ಪುಟ್ನಮ್ ಅವರದ್ದು, ಸರಿ. ಆದರೆ ಎಲ್‌ಎ-2ಎ ಅವರದ್ದಲ್ಲ. ಅದು ಜಿಮ್ ಲಾರೆನ್ಸ್ ಅನ್ನುವವರ ಕೂಸು. ಪ್ಯಾಸಡೀನಾದಲ್ಲಿ ಟೆಲಿಟ್ರಾನಿಕ್ಸ್ ಕಂಪನಿ ಅವರದ್ದು. ಅವರು ರೇಡಿಯೋದಲ್ಲಿ ಕೆಲಸ ಮಾಡಿದವರು, ಕಾರ್ಯಕ್ರಮದುದ್ದಕ್ಕೂ ಲೆವೆಲ್ ನಾಬ್ ಹಿಡಿದು ಕೂರುವ ಕಷ್ಟ ಗೊತ್ತಿತ್ತು. ಟೈಟನ್ ಕ್ಷಿಪಣಿ ಯೋಜನೆಯಲ್ಲಿ ಬೆಳಕಿನ ಸೆನ್ಸರ್‌ಗಳ ಕೆಲಸವನ್ನೂ ಮಾಡಿದ್ದರು. ಆ ಎರಡೂ ಅನುಭವ ಸೇರಿ ಟಿ4 ಹುಟ್ಟಿತು. ಮೊದಲು ಎಲ್‌ಎ-1, ಆಮೇಲೆ ಎಲ್‌ಎ-2, ಆಮೇಲೆ 2ಎ. 1965ರಲ್ಲಿ ಕಂಪನಿಯನ್ನು ಬ್ಯಾಬ್ಕಾಕ್ ಅನ್ನುವ ಇನ್ನೊಂದು ಕಂಪನಿಗೆ ಮಾರಿದರು, 1967ರಲ್ಲಿ ಅದು ಪುಟ್ನಮ್ ಕೈಗೆ ಬಂತು. 1969ರಲ್ಲಿ ಬಂದ ಎಲ್‌ಎ-3ಎಯಲ್ಲಿ ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು, ಆದರೆ ಟಿ4 ಮಾತ್ರ ಹಾಗೇ ಉಳಿಯಿತು. ಹೆಸರು ಹೇಳುವಾಗ ಲಾರೆನ್ಸ್ ಅವರನ್ನು ಮರೆಯಬಾರದು.

ಬಸವನಗುಡಿ ಬೇಸ್

ತಿದ್ದಿದ್ದಕ್ಕೆ ಥ್ಯಾಂಕ್ಸ್, ಗೊತ್ತಿರಲಿಲ್ಲ.

ವಾಲ್ವ್ ವೆಂಕಿ

ಮೂಲ ಪ್ರಶ್ನೆಗೆ ಬರೋಣ. ಎರಡು ಸೆಲ್ ಇದೆ ಅಂದೆನಲ್ಲ, ಒಂದು ದನಿ ತಗ್ಗಿಸಲು, ಇನ್ನೊಂದು ಮೀಟರ್‌ಗೆ. ಮುಳ್ಳು ಅಲ್ಲಾಡದೆ ದನಿ ಮಾತ್ರ ತಗ್ಗುತ್ತಿದ್ದರೆ ಮೀಟರ್ ಕಡೆಯ ದೋಷ. ಮುಳ್ಳು ಇಳಿದೂ ದನಿ ತಗ್ಗದಿದ್ದರೆ ಆಡಿಯೋ ಕಡೆಯ ಸೆಲ್. ನಿಮ್ಮದರಲ್ಲಿ ಎರಡೂ ಒಂದೇ ರೀತಿ ಮಂಕಾಗಿವೆ. ಅಂದರೆ ಎರಡಕ್ಕೂ ಸಾಮಾನ್ಯವಾದದ್ದು ಯಾವುದು? ಬೆಳಕು. ಈಗ ಪ್ರಶ್ನೆ ಏನೆಂದರೆ, ಫಲಕಕ್ಕೇ ವಯಸ್ಸಾಗಿದೆಯಾ, ಇಲ್ಲ ಫಲಕಕ್ಕೆ ವೋಲ್ಟೇಜ್ ಸರಿಯಾಗಿ ಬರುತ್ತಿಲ್ಲವಾ?

ನೇರವಾಗಿ ನೋಡಿಬಿಡಿ. ರಾತ್ರಿ ಕೋಣೆ ಕತ್ತಲು ಮಾಡಿ, ಟಿ4 ಮೇಲಿನ ಲೋಹದ ಡಬ್ಬಿ ತೆಗೆದು, 1 ಕಿಲೋಹರ್ಟ್ಜ್ ಟೋನ್ ಕೊಟ್ಟು ಸಂದಿಯಲ್ಲಿ ನೋಡಿ. ಮುಟ್ಟಬೇಡಿ, ಆ ಪಿನ್‌ಗಳಲ್ಲಿ ಶಾಕ್ ಹೊಡೆಯುವಷ್ಟು ವೋಲ್ಟೇಜ್ ಇರುತ್ತೆ. ಫಲಕದ ಪಿನ್‌ಗಳ ಮೇಲೆ ಎಸಿ ಎಷ್ಟು ಬರುತ್ತಿದೆ ಅಂತಲೂ ಅಳೆಯಿರಿ. ವೋಲ್ಟೇಜ್ ಚೆನ್ನಾಗಿ ಏರಿ ಬೆಳಕು ಬರದಿದ್ದರೆ ಸೀನ ಹೇಳಿದ್ದು ಸರಿ. ವೋಲ್ಟೇಜೇ ಬರದಿದ್ದರೆ ಟಿ4 ಮೇಲೆ ತಪ್ಪು ಹೊರಿಸಬೇಡಿ.

ಸೋಲ್ಡರ್ ಸೀನ

ಸರಿ, ಆದರೆ ನನ್ನ ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಯೂನಿಟ್ ಬಂತು. ಇದೇ ಲಕ್ಷಣ. ಹೊಸ ಟಿ4 ಹಾಕಿದೆ, ಸರಿ ಹೋಯಿತು. ಅಳೆಯುತ್ತಾ ಕೂರುವುದಕ್ಕಿಂತ ಅದು ಬೇಗ.

ವಾಲ್ವ್ ವೆಂಕಿ

ಸರಿ ಹೋಯಿತು, ಒಪ್ಪುತ್ತೇನೆ. ಆದರೆ ಆ ಹಳೆ ಟಿ4 ಏನಾಯಿತು?

ಸೋಲ್ಡರ್ ಸೀನ

ಗಿರಾಕಿ ಬೇಡ ಅಂದರು. ಬಿಸಾಕಿದೆ.

ಹಳೆ ರೇಡಿಯೋ

ಅಯ್ಯೋ ಸೀನ!

ಕ್ಯಾಡ್ಮಿಯಂ ಕಾವೇರಿ

ಬಿಸಾಕುವ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ, ನಾನು ಜರ್ಮನಿಯಲ್ಲಿರುವವಳು. ಕ್ಯಾಡ್ಮಿಯಂ ವಿಷ, ಕಸದ ಬುಟ್ಟಿಗೆ ಹಾಕುವಂಥದ್ದಲ್ಲ. ಯುರೋಪಿನಲ್ಲಿ ರೋಹ್ಸ್ ನಿಯಮದಡಿ ಹೊಸ ಉಪಕರಣಗಳಲ್ಲಿ ಅದಕ್ಕೆ ಕಡಿವಾಣ ಇದೆ. ವೃತ್ತಿಪರ ಆಡಿಯೋಗೆ ಅಂತಲೇ ಈ ಫೋಟೋಸೆಲ್‌ಗಳಿಗೆ ಒಂದು ವಿನಾಯಿತಿ ಕೊಟ್ಟಿದ್ದರು, ಅದೂ 2013ರ ಕೊನೆಗೆ ಮುಗಿಯಿತು. ಆದ್ದರಿಂದ ಹಳೆಯ ಒಳ್ಳೆ ಸೆಲ್ ಒಂದೊಂದೂ ಬೆಲೆಬಾಳುವಂಥದ್ದು. ಫಲಕ ಹೋಗಿದ್ದರೂ ಸೆಲ್ ಸರಿಯಾಗಿರಬಹುದು. ಎಸೆಯಬೇಡಿ, ಚೀಟಿ ಅಂಟಿಸಿ ಎತ್ತಿಡಿ.

ಇನ್ನೊಂದು ಕಿವಿಮಾತು. ಡಬ್ಬಿ ಬಿಚ್ಚಿ ಹಗಲು ಬೆಳಕಿನಲ್ಲಿ ಇಟ್ಟು ಆ ಕೂಡಲೇ ಅಳೆದರೆ ಲೆಕ್ಕ ತಪ್ಪುತ್ತೆ. ಸೆಲ್‌ಗೆ ಬೆಳಕು ಕಂಡ ನೆನಪು ಉಳಿದಿರುತ್ತೆ. ಒಂದು ದಿನ ಮುಚ್ಚಿಟ್ಟು ಆಮೇಲೆ ಅಳೆಯಿರಿ.

ಮಿಕ್ಸಿಂಗ್ ಮಗ

ತಪ್ಪು ತಿಳಿಯಬೇಡಿ, ಇಷ್ಟೆಲ್ಲ ಕಷ್ಟ ಯಾಕೆ? ಪ್ಲಗಿನ್ ಹಾಕಿದರೆ ಗುಂಯ್ ಅನ್ನುವುದೂ ಇಲ್ಲ, ಶಾಕ್ ಹೊಡೆಯುವುದೂ ಇಲ್ಲ. ಒಂದೇ ಹಾಡಿನಲ್ಲಿ ಹತ್ತು ಎಲ್‌ಎ-2ಎ ಹಾಕಬಹುದು.

ಧಾರವಾಡದ ದನಿ

ಹತ್ತು ಹಾಕಬಹುದು, ನಿಜ. ನಾನೂ ದಿನಾ ಹಾಕುತ್ತೇನೆ. ಪ್ಲಗಿನ್ ಕೆಟ್ಟದ್ದಲ್ಲ. ಆದರೆ ರೆಕಾರ್ಡಿಂಗ್ ಸಮಯದಲ್ಲಿ ಹಾಡುವವರ ಹೆಡ್‌ಫೋನ್‌ಗೆ ನಿಜವಾದ ಎಲ್‌ಎ-2ಎ ಮೂಲಕ ದನಿ ಕೊಟ್ಟು ನೋಡು ತಮ್ಮಾ. ನಾನು ಒಬ್ಬ ಹಿಂದುಸ್ತಾನಿ ಗಾಯಕರನ್ನು ಹಾಗೆ ರೆಕಾರ್ಡ್ ಮಾಡಿದ್ದೆ. ಮಂದ್ರದಲ್ಲಿ ಆಲಾಪ ಶುರು ಮಾಡಿ ತಾರಕ್ಕೆ ಹೋಗುವ ತನಕ ದನಿ ಒಂದೇ ಅಳತೆಯಲ್ಲಿ ಕಿವಿಯ ಹತ್ತಿರ ನಿಂತಿತ್ತು. ಅವರು ಮೈಕ್‌ನಿಂದ ಹಿಂದೆ ಸರಿಯುವುದನ್ನೇ ಬಿಟ್ಟರು. ಹಾಡುವ ರೀತಿಯೇ ಬದಲಾಯಿತು. ಅದು ರೆಕಾರ್ಡ್ ಆದ ಮೇಲೆ ಹಾಕುವ ಪ್ಲಗಿನ್‌ನಿಂದ ಬರಲ್ಲ.

ಮಿಕ್ಸಿಂಗ್ ಮಗ

ಇದು ನನಗೆ ಹೊಳೆದಿರಲಿಲ್ಲ. ಹಾಡುವಾಗಲೇ ಕೇಳಿಸಬೇಕು ಅನ್ನುವುದು.

ಬಸವನಗುಡಿ ಬೇಸ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಹತ್ತಿರ ಕಪ್ಪು ಫಲಕದ 1176ಎಲ್‌ಎನ್ ಒಂದಿದೆ, ಮುಚ್ಚಿ ಹೋದ ಒಂದು ಸ್ಟುಡಿಯೋದಿಂದ ಬಂದದ್ದು. ಮೃದಂಗಕ್ಕೆ ಬಳಸೋಣ ಅಂದುಕೊಂಡೆ. ಅಟ್ಯಾಕ್ ಅನ್ನು 1ರಿಂದ 7ರ ಕಡೆಗೆ ತಿರುಗಿಸಿದರೆ ನಿಧಾನ ಆಗಬೇಕು ಅಲ್ವಾ? ನನ್ನದು ಉಲ್ಟಾ. ಯಾರೋ ವೈರಿಂಗ್ ತಿರುಗಿಸಿ ಹಾಕಿದ್ದಾರಾ? ಜೊತೆಗೆ ಸ್ವಲ್ಪ ಒಡಕು ದನಿ.

ಹಳೆ ರೇಡಿಯೋ

ವೈರಿಂಗ್ ಸರಿಯಾಗೇ ಇದೆ, ಬಿಚ್ಚಬೇಡಿ! 1176 ಇರುವುದೇ ಹಾಗೆ. 7 ಅಂದರೆ ಅತಿ ವೇಗ, 1 ಅಂದರೆ ನಿಧಾನ. ಅಟ್ಯಾಕ್ 20ರಿಂದ 800 ಮೈಕ್ರೋಸೆಕೆಂಡು, ರಿಲೀಸ್ 50 ಮಿಲಿಸೆಕೆಂಡಿನಿಂದ 1.1 ಸೆಕೆಂಡು. ನಿಧಾನ ಅಂದರೂ ಒಂದು ಮಿಲಿಸೆಕೆಂಡ್ ಕೂಡ ಇಲ್ಲ ನೋಡಿ. ಮೃದಂಗದ ಚಾಪು ಬೇಕಾದರೆ ಅಟ್ಯಾಕ್ 1-2ರ ಹತ್ತಿರ ಇಡಿ, 7ಕ್ಕೆ ಹೋದರೆ ಪೆಟ್ಟಿನ ಅಂಚೇ ಸವೆದು ಹೋಗುತ್ತೆ.

ಒಡಕು ದನಿಗೆ ಮೊದಲು ಎಫ್‌ಇಟಿ ಬಯಸ್ ನೋಡಿ. ಎಫ್‌ಇಟಿ ಅಂದರೆ ಒಂದು ಬಗೆಯ ಟ್ರಾನ್ಸಿಸ್ಟರ್, ಬಯಸ್ ಅಂದರೆ ಅದಕ್ಕೆ ಸದಾ ಕೊಟ್ಟಿರುವ ಡಿಸಿ ವೋಲ್ಟೇಜ್. 1176ರಲ್ಲಿ ಟಿ4 ಮಾಡುವ ಕೆಲಸವನ್ನು ಒಂದು ಎಫ್‌ಇಟಿ ಮಾಡುತ್ತೆ. ಒಳಗೆ ಕ್ಯೂ ಬಯಸ್ ಅನ್ನುವ, ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಟ್ರಿಮ್ಮರ್ ಇದೆ. ಅಟ್ಯಾಕ್ ನಾಬ್ ಎಡಕ್ಕೆ ಟಕ್ ಅನ್ನುವ ತನಕ ತಿರುಗಿಸಿ, ಕಂಪ್ರೆಷನ್ ಆಫ್ ಆಗುತ್ತೆ. 1 ಕಿಲೋಹರ್ಟ್ಜ್ ಟೋನ್ ಕೊಡಿ. ಟ್ರಿಮ್ಮರನ್ನು ಎಫ್‌ಇಟಿ ಪೂರ್ತಿ ಬಂದ್ ಆಗುವ ತುದಿಗೆ ಒಯ್ದು ಔಟ್‌ಪುಟ್ ಲೆವೆಲ್ ಬರೆದುಕೊಳ್ಳಿ. ಆಮೇಲೆ ಲೆವೆಲ್ ಸರಿಯಾಗಿ 1 ಡಿಬಿ ಇಳಿಯುವ ತನಕ ವಾಪಸ್ ತಿರುಗಿಸಿ. ಅಲ್ಲಿ ನಿಲ್ಲಿಸಿ. ವರ್ಷಗಳು ಕಳೆದಂತೆ ಇದು ಜಾರುತ್ತೆ. ಹಿಂದಿರುವ 115/230 ಸ್ವಿಚ್ 230ರಲ್ಲಿದೆಯಾ ಅದನ್ನೂ ನೋಡಿ.

ಬಸವನಗುಡಿ ಬೇಸ್

ಬೆಳಗ್ಗೆ ಮಾಡಿದೆ. 1 ಡಿಬಿ ಬದಲು 4 ಡಿಬಿ ಇಳಿದು ಕೂತಿತ್ತು! ಸರಿ ಮಾಡಿದ ಮೇಲೆ ದನಿ ತಿಳಿಯಾಯಿತು. ಒಂದು ಸ್ಕ್ರೂಡ್ರೈವರ್, ಹತ್ತು ನಿಮಿಷ. ಎಸ್‌ಪಿ ರೋಡಿನಲ್ಲಿ ಒಬ್ಬರು ಬೋರ್ಡೇ ಹೊಸದು ಹಾಕಬೇಕು ಅಂದಿದ್ದರು.

ಹಳೆ ರೇಡಿಯೋ

ತುಂಬಾ ಸಂತೋಷ ಆಯಿತು.

ಬರ್ಬ್ಯಾಂಕ್ ಕನ್ನಡಿಗ

ವರದಿ. ನಿನ್ನೆ ರಾತ್ರಿ ಮಕ್ಕಳು ಮಲಗಿದ ಮೇಲೆ ಗ್ಯಾರೇಜ್ ಬಾಗಿಲು ಹಾಕಿ, ಸಂದಿಗಳಿಗೆ ಟವೆಲ್ ತುರುಕಿ ಕತ್ತಲು ಮಾಡಿದೆ. ಬಲ್ಬ್ ಉಪಾಯ ಮಾಡಿ ನಿಧಾನವಾಗಿ ಆನ್ ಮಾಡಿದೆ, ಶಾರ್ಟ್ ಏನೂ ಇಲ್ಲ. ಟಿ4 ಡಬ್ಬಿ ತೆಗೆದು ಟೋನ್ ಕೊಟ್ಟೆ. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲಿಗೆ ಒಗ್ಗಲು ಐದಾರು ನಿಮಿಷ ಬೇಕಾಯಿತು. ಆಮೇಲೆ ಕಂಡಿತು. ಹಸಿರು, ತುಂಬಾ ಮಂಕು, ಮಳೆಗಾಲದಲ್ಲಿ ದೂರದ ಪೊದೆಯ ಒಳಗಿನ ಮಿಂಚುಹುಳದ ಹಾಗೆ. ಟೋನ್ ನಿಲ್ಲಿಸಿ ನನ್ನ ಹಳೆ ರೆಕಾರ್ಡಿಂಗ್ ಒಂದು ಹಾಕಿದೆ. ಹಾಡಿನ ಒಂದೊಂದು ಅಕ್ಷರಕ್ಕೂ ಆ ಬೆಳಕು ಉಸಿರಾಡುತ್ತಿತ್ತು. ಸುಮಾರು ಹೊತ್ತು ಅಳೆಯುವುದನ್ನೇ ಮರೆತು ನೋಡುತ್ತಾ ಕೂತೆ.

ಅಳತೆಗೆ ಬರೋಣ. ಫಲಕದ ಎಸಿ ವೋಲ್ಟೇಜ್ ಏರುವುದೇ ಇಲ್ಲ. ಪೀಕ್ ರಿಡಕ್ಷನ್ ಅರ್ಧಕ್ಕೆ ಬಂದ ಮೇಲೆ ಎಷ್ಟು ತಿರುಗಿಸಿದರೂ ಅಲ್ಲೇ ನಿಲ್ಲುತ್ತೆ. ಇನ್ನೊಂದು ಗಮನಿಸಿದೆ, 6ಎಕ್ಯೂ5 ವಾಲ್ವ್ ಅತಿಯಾಗಿ ಬಿಸಿ. ಹತ್ತಿರ ಕೈ ತಂದರೆ ಉಳಿದ ಮೂರಕ್ಕಿಂತ ಜಾಸ್ತಿ ಕಾವು ಹೊಡೆಯುತ್ತೆ.

ವಾಲ್ವ್ ವೆಂಕಿ

ಬಿಸಿ ಅಂದಿರಲ್ಲ, ಅಲ್ಲೇ ಇದೆ ಉತ್ತರ ಅನಿಸುತ್ತೆ.

ಆ ಯಂತ್ರದಲ್ಲಿ ನಾಲ್ಕು ವಾಲ್ವ್. ಒಂದು 12ಎಎಕ್ಸ್7 ಮತ್ತು 12ಬಿಎಚ್7 ದನಿಯ ದಾರಿಯಲ್ಲಿ. ಇನ್ನೊಂದು 12ಎಎಕ್ಸ್7 ಮತ್ತು 6ಎಕ್ಯೂ5 ಸೈಡ್‌ಚೈನ್‌ನಲ್ಲಿ, ಅವುಗಳ ಕೆಲಸ ಟಿ4 ಫಲಕ ಬೆಳಗಿಸುವುದು ಮಾತ್ರ. 12ಎಎಕ್ಸ್7 ಪ್ಲೇಟ್‌ನಿಂದ (ಸಿಗ್ನಲ್ ಹೊರಬರುವ ಕಡೆ) 6ಎಕ್ಯೂ5 ಗ್ರಿಡ್‌ಗೆ (ಸಿಗ್ನಲ್ ಒಳಹೋಗುವ ಕಡೆ) ಹೋಗುವ ದಾರಿಯಲ್ಲಿ ಒಂದು ಕಪ್ಲಿಂಗ್ ಕೆಪಾಸಿಟರ್ ಇರುತ್ತೆ. ಸಿಗ್ನಲ್ ಬಿಡಬೇಕು, ಡಿಸಿ ತಡೆಯಬೇಕು. ಅದು ವಯಸ್ಸಾಗಿ ಸೋರಲು ಶುರು ಮಾಡಿದರೆ ಗ್ರಿಡ್ ಮೇಲೆ ಪಾಸಿಟಿವ್ ಡಿಸಿ ಬಂದು ಕೂರುತ್ತೆ. ವಾಲ್ವ್ ಹುಚ್ಚಾಪಟ್ಟೆ ಕರೆಂಟ್ ಎಳೆಯುತ್ತೆ, ಬಿಸಿ ಆಗುತ್ತೆ, ಸಿಗ್ನಲ್ ಏರಿಳಿಯಲು ಜಾಗವೇ ಇರಲ್ಲ. ಫಲಕಕ್ಕೆ ವೋಲ್ಟೇಜ್ ಬರಲ್ಲ. ಜೊತೆಗೆ ಪವರ್ ಸಪ್ಲೈ ಮೇಲೆ ಭಾರ ಬೀಳುತ್ತೆ, ಗುಂಯ್ ಸದ್ದು ಏರುತ್ತೆ. ನಿಮ್ಮ ಎರಡು ತೊಂದರೆಗೂ ಒಂದೇ ಕಾರಣ ಇರಬಹುದು.

ಪರೀಕ್ಷೆ ಸುಲಭ. 6ಎಕ್ಯೂ5 ಗ್ರಿಡ್‌ನಲ್ಲಿ ಡಿಸಿ ಅಳೆಯಿರಿ, ಸೊನ್ನೆಯ ಹತ್ತಿರ ಇರಬೇಕು. ಪಾಸಿಟಿವ್ ಇದ್ದರೆ, ಆಫ್ ಮಾಡಿ ಆ ವಾಲ್ವ್ ಕಿತ್ತು, ಮತ್ತೆ ಆನ್ ಮಾಡಿ ಅದೇ ಪಿನ್ ಅಳೆಯಿರಿ. ವಾಲ್ವ್ ಇಲ್ಲದೆಯೂ ವೋಲ್ಟೇಜ್ ಉಳಿದರೆ ಕೆಪಾಸಿಟರ್ ಸೋರುತ್ತಿದೆ. ವಾಲ್ವ್ ಕಿತ್ತ ಕೂಡಲೇ ಹೋದರೆ ವಾಲ್ವ್ ಕೆಟ್ಟಿದೆ.

ಸೋಲ್ಡರ್ ಸೀನ

ಈ ಕಿತ್ತು ಅಳೆಯುವ ಪರೀಕ್ಷೆ ನನಗೆ ಗೊತ್ತಿರಲಿಲ್ಲ. ಬರೆದಿಟ್ಟುಕೊಂಡೆ.

ಜಾಲಹಳ್ಳಿ ಜಂಕ್ಷನ್

6ಎಕ್ಯೂ5 ಹೆಸರು ನೋಡಿ ಬರೆಯಲೇಬೇಕು ಅನಿಸಿತು. ಯುರೋಪಿನ ಲೆಕ್ಕದಲ್ಲಿ ಅದು ಇಎಲ್90, 12ಎಎಕ್ಸ್7 ಅಂದರೆ ಇಸಿಸಿ83. ನಮ್ಮಪ್ಪ ಜಾಲಹಳ್ಳಿಯ ಬಿಇಎಲ್‌ನಲ್ಲಿ ರೇಡಿಯೋ ವಾಲ್ವ್ ತಯಾರಿಸುವ ವಿಭಾಗದಲ್ಲಿದ್ದರು. ಮನೆಯ ರೇಡಿಯೋ ಕೆಟ್ಟರೆ ವಾಲ್ವ್ ತೆಗೆದು ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಮೇಲಿನ ಬೆಳ್ಳಿ ಕಲೆಯನ್ನು ತೋರಿಸುತ್ತಿದ್ದರು. "ಇದು ಬೆಳ್ಳಗಾದರೆ ಗಾಳಿ ನುಗ್ಗಿದೆ ಅಂತ, ಹೊಳೆಯುತ್ತಿದ್ದರೆ ಜೀವ ಇದೆ ಅಂತ" ಅನ್ನುತ್ತಿದ್ದರು. ಬರ್ಬ್ಯಾಂಕ್ ಅವರೇ, ನಿಮ್ಮ ನಾಲ್ಕು ವಾಲ್ವ್‌ಗಳ ಬೆಳ್ಳಿ ಹೇಗಿದೆ?

ಬರ್ಬ್ಯಾಂಕ್ ಕನ್ನಡಿಗ

ನಾಲ್ಕೂ ಹೊಳೆಯುತ್ತಿವೆ. ನಿಮ್ಮ ತಂದೆಯವರ ಮಾತು ಓದಿ ಖುಷಿ ಆಯಿತು.

ಧಾರವಾಡದ ದನಿ

ಬೆಳ್ಳಿ ಹೊಳೆದರೆ ಗಾಳಿ ಹೋಗಿಲ್ಲ ಅಂತಷ್ಟೇ, ವಾಲ್ವ್ ಬಲವಾಗಿದೆ ಅಂತ ಅಲ್ಲ. ಅದಕ್ಕೆ ಟೆಸ್ಟರ್ ಬೇಕು. ಆದರೂ ಮೊದಲ ನೋಟಕ್ಕೆ ಒಳ್ಳೆಯದೇ.

ಮಿಕ್ಸಿಂಗ್ ಮಗ

ವಾಲ್ವ್ ಕಂಪ್ರೆಸರ್ ಅಂದರೆ ಎಲ್ಲವೂ ಬೆಳಕಿನಿಂದ ನಡೆಯುವುದಾ? ಫೇರ್‌ಚೈಲ್ಡ್ ಕಂಪ್ರೆಸರ್ ಕೂಡ?

ಹಳೆ ರೇಡಿಯೋ

ಇಲ್ಲ, ಅದರ ಜಾತಿಯೇ ಬೇರೆ. ಫೇರ್‌ಚೈಲ್ಡ್ 670ರಲ್ಲಿ ವಾಲ್ವ್‌ಗಳೇ ದನಿ ತಗ್ಗಿಸುತ್ತವೆ. 6386 ಅನ್ನುವ ವಿಶೇಷ ವಾಲ್ವ್, ಗ್ರಿಡ್ ಬಯಸ್ ಬದಲಾದಂತೆ ಅದರ ಗೇನ್ ಮೆಲ್ಲಗೆ ಇಳಿಯುತ್ತೆ. ಅದಕ್ಕೆ ವೇರಿ-ಮ್ಯೂ ಅಂತಾರೆ. ಎಸ್ಟೋನಿಯಾದಿಂದ ಅಮೆರಿಕಕ್ಕೆ ಬಂದ ರೈನ್ ನಾರ್ಮಾ ಅದರ ವಿನ್ಯಾಸ ಮಾಡಿದರು. 20 ವಾಲ್ವ್, 11 ಟ್ರಾನ್ಸ್‌ಫಾರ್ಮರ್, ತೂಕ 30 ಕೆಜಿ ಹತ್ತಿರ. ಅದರಲ್ಲಿ ಲ್ಯಾಟರಲ್-ವರ್ಟಿಕಲ್ ಅನ್ನುವ ಸ್ವಿಚ್ ಇರುವುದು ಗ್ರಾಮಫೋನ್ ತಟ್ಟೆ ಕೊರೆಯುವ ಕೆಲಸಕ್ಕೆ. ಮುಳ್ಳು ಅಡ್ಡ ಎಷ್ಟು ಅಲ್ಲಾಡಬೇಕು, ಮೇಲೆ ಕೆಳಗೆ ಎಷ್ಟು ಅಲ್ಲಾಡಬೇಕು ಅನ್ನುವುದನ್ನು ಬೇರೆ ಬೇರೆಯಾಗಿ ಹಿಡಿತದಲ್ಲಿಡಲು. ಈಗ ಅದನ್ನೇ ಮಧ್ಯದ ದನಿ, ಅಕ್ಕಪಕ್ಕದ ದನಿ ಬೇರೆ ಮಾಡುವ ಮಿಡ್-ಸೈಡ್ ಅಂತ ಎಲ್ಲರೂ ಬಳಸುತ್ತಾರೆ. ಅದನ್ನು ರಿಪೇರಿ ಮಾಡುವವರ ದೊಡ್ಡ ಸಂಕಟ 6386 ಹುಡುಕುವುದು, ಅದರಲ್ಲೂ ಒಂದಕ್ಕೊಂದು ಹೊಂದುವ ಜೋಡಿ ಹುಡುಕುವುದು. ಜೋಡಿ ಹೊಂದದಿದ್ದರೆ ದನಿ ತಗ್ಗಿಸುವಾಗ ಡುಬ್ ಅಂತ ಸದ್ದು ಬರುತ್ತೆ.

ಬರ್ಬ್ಯಾಂಕ್ ಕನ್ನಡಿಗ

ವೆಂಕಿ ಅವರೇ, ನೀವು ಹೇಳಿದ್ದು ಅಕ್ಷರಶಃ ನಿಜವಾಯಿತು. ಗ್ರಿಡ್‌ನಲ್ಲಿ 9 ವೋಲ್ಟ್ ಪಾಸಿಟಿವ್! ವಾಲ್ವ್ ಕಿತ್ತರೂ ಹೋಗಲಿಲ್ಲ, ಇನ್ನೂ ಜಾಸ್ತಿ ಆಯಿತು. ಕೆಪಾಸಿಟರ್‌ನ ಒಂದು ಕಾಲು ಬಿಡಿಸಿದೆ, ಸೊನ್ನೆ.

ಈಗ ಯಾವುದು ಹಾಕಲಿ? ಹಳೆಯದೇ ಕಂಪನಿಯ ಹಳೆ ಸ್ಟಾಕ್ ಸಿಗುತ್ತೆ ಅನ್ನುತ್ತಾರೆ.

ಧಾರವಾಡದ ದನಿ

ಹಳೆ ಸ್ಟಾಕ್ ಹಾಕಿ. ದನಿಯ ಗುಣ ಉಳಿಯಬೇಕು ಅಂದರೆ ಅದೇ ಜಾತಿಯ ಕೆಪಾಸಿಟರ್ ಬೇಕು.

ವಾಲ್ವ್ ವೆಂಕಿ

ಇದನ್ನು ನಾನು ಒಪ್ಪಲ್ಲ. ಹಳೆ ಸ್ಟಾಕ್ ಅಂದರೆ ಅದಕ್ಕೂ ಅಷ್ಟೇ ವಯಸ್ಸಾಗಿದೆ, ಡಬ್ಬಿಯಲ್ಲಿ ಕೂತಿದ್ದರೂ ಸೋರುತ್ತೆ. ಅದೂ ಅಲ್ಲದೆ ಈ ಕೆಪಾಸಿಟರ್ ಇರುವುದು ಸೈಡ್‌ಚೈನ್‌ನಲ್ಲಿ, ಅದರ ಮೂಲಕ ಹೋಗುವ ದನಿಯನ್ನು ನೀವು ಯಾವತ್ತೂ ಕೇಳುವುದಿಲ್ಲ, ಅದು ಹೋಗಿ ಬೆಳಕಾಗುತ್ತೆ. ಹೊಸ ಫಿಲ್ಮ್ ಕೆಪಾಸಿಟರ್, ಅದೇ ಬೆಲೆ, 630 ವೋಲ್ಟ್‌ನದ್ದು ಹಾಕಿ. ಬೆಲೆ ಅಂದರೆ ಮೈಕ್ರೋಫ್ಯಾರಡ್ ಲೆಕ್ಕ ಹೇಳುತ್ತಿದ್ದೇನೆ, ದುಡ್ಡಲ್ಲ. ದೊಡ್ಡದು ಹಾಕಿದರೆ ಒಳ್ಳೆಯದು ಅಂತ ದೊಡ್ಡದು ಹಾಕಬೇಡಿ. ಎಷ್ಟು ಮಂದ್ರದ ದನಿಗೆ ಕಂಪ್ರೆಸರ್ ಸ್ಪಂದಿಸುತ್ತೆ ಅನ್ನುವುದು ಬದಲಾಗುತ್ತೆ.

ಧಾರವಾಡದ ದನಿ

ದನಿಯ ದಾರಿಯಲ್ಲಿ ಇದ್ದಿದ್ದರೆ?

ವಾಲ್ವ್ ವೆಂಕಿ

ಆಗಲೂ ಸೋರುವುದನ್ನು ಇಟ್ಟುಕೊಳ್ಳಲ್ಲ. ಸೋರದಿದ್ದರೆ ಮುಟ್ಟಲ್ಲ. ನನ್ನ ನಿಯಮ ಇಷ್ಟೇ. ಯುಟಿಸಿ ಟ್ರಾನ್ಸ್‌ಫಾರ್ಮರ್‌ಗಳನ್ನಂತೂ ಯಾರು ಏನೇ ಹೇಳಿದರೂ ಮುಟ್ಟಬೇಡಿ, ಆ ಯಂತ್ರದ ದನಿಯಲ್ಲಿ ಅವುಗಳದ್ದು ದೊಡ್ಡ ಪಾಲು.

ಧಾರವಾಡದ ದನಿ

ಟ್ರಾನ್ಸ್‌ಫಾರ್ಮರ್ ವಿಷಯದಲ್ಲಿ ಇಬ್ಬರದ್ದೂ ಒಂದೇ ಮಾತು. ಕೆಪಾಸಿಟರ್ ವಿಷಯದಲ್ಲಿ ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ನನ್ನ ಕಿವಿಗೆ ವ್ಯತ್ಯಾಸ ಕೇಳಿಸಿದೆ.

ಕ್ಯಾಡ್ಮಿಯಂ ಕಾವೇರಿ

ಪವರ್ ಸಪ್ಲೈ ಎಲೆಕ್ಟ್ರೋಲಿಟಿಕ್ ಮಾತ್ರ ಚೆನ್ನಾಗಿ ಕಂಡರೂ ಬದಲಿಸಿ, ಅದಕ್ಕೆ ಆಯಸ್ಸು ಇದೆ. ಹಳೆಯ ಕಾರ್ಬನ್ ರೆಸಿಸ್ಟರ್‌ಗಳನ್ನೂ ಒಂದೊಂದಾಗಿ ಅಳೆಯಿರಿ. ವಯಸ್ಸಾದಂತೆ ಅವುಗಳ ಓಮ್ ಲೆಕ್ಕ ಏರುತ್ತಾ ಹೋಗುತ್ತೆ, ಬಣ್ಣದ ಪಟ್ಟಿ ನಂಬಬೇಡಿ.

ಬರ್ಬ್ಯಾಂಕ್ ಕನ್ನಡಿಗ

ಮುಗಿಯಿತು. ಸೈಡ್‌ಚೈನ್ ಕಪ್ಲಿಂಗ್ ಕೆಪಾಸಿಟರ್ ಒಂದು, ಪವರ್ ಸಪ್ಲೈ ಎಲೆಕ್ಟ್ರೋಲಿಟಿಕ್‌ಗಳು, ಅಳತೆ ಮೀರಿದ ರೆಸಿಸ್ಟರ್ ಮೂರು, ಮೂರು ತಂತಿಯ ಕೇಬಲ್. ಇಷ್ಟೇ ಬದಲಿಸಿದ್ದು. ವಾಲ್ವ್ ನಾಲ್ಕೂ ಅವೇ, ಪರಿಚಯದವರ ಟೆಸ್ಟರ್‌ನಲ್ಲಿ ಪಾಸಾದವು, ಬಿಸಿ ತಿಂದ ಆ 6ಎಕ್ಯೂ5 ಕೂಡ. ಟಿ4 ಅದೇ. ಗುಂಯ್ ಸದ್ದು ಹೋಯಿತು.

ರಾತ್ರಿ ಮತ್ತೆ ಕತ್ತಲು ಮಾಡಿ ನೋಡಿದೆ. ಈ ಸಲ ಕಣ್ಣು ಒಗ್ಗುವ ತನಕ ಕಾಯಬೇಕಾಗಲಿಲ್ಲ. ಹಸಿರು ಬೆಳಕು ಡಬ್ಬಿಯ ಒಳಗೋಡೆಯ ಮೇಲೆಲ್ಲ ಬಿದ್ದಿತ್ತು. ಮುಳ್ಳು ಆರಾಮಾಗಿ 15 ಡಿಬಿ ಇಳಿಯುತ್ತೆ. ನಾಬನ್ನು ಆ ಪೆನ್ಸಿಲ್ ಗೆರೆಗೆ ತಂದು ನಮ್ಮ ಕನ್ನಡ ಕೂಟದ ಒಬ್ಬ ಹಾಡುಗಾರ್ತಿಯ ದೇವರನಾಮ ಹಾಕಿದೆ. ಪಲ್ಲವಿಯಲ್ಲಿ 3 ಡಿಬಿ, ಎತ್ತಿ ಹಾಡಿದಲ್ಲಿ 6 ಡಿಬಿ. ಯಾವುದೂ ಒತ್ತಿದಂತೆ ಕೇಳಿಸಲಿಲ್ಲ. ಆ ಹಿರಿಯರು ಗೆರೆ ಸುಮ್ನೆ ಎಳೆದಿರಲಿಲ್ಲ.

ಸೋಲ್ಡರ್ ಸೀನ

ಅಭಿನಂದನೆ ಸಾರ್. ನಾನು ಮೊದಲ ದಿನ ಹೇಳಿದ್ದು ತಪ್ಪಾಗಿತ್ತು. ಅವತ್ತು ಬಿಸಾಕಿದ ಟಿ4 ನೆನಪಾಗಿ ಹೊಟ್ಟೆ ಉರಿಯುತ್ತಿದೆ. ಹೊಸ ಟಿ4 ಹಾಕಿದ್ದಕ್ಕೆ ಸರಿ ಹೋಯಿತೋ, ಹೊಸ ಫಲಕ ಕಡಿಮೆ ವೋಲ್ಟೇಜಿಗೂ ಹೊಳೆದದ್ದಕ್ಕೆ ದೋಷ ಮುಚ್ಚಿ ಹೋಯಿತೋ, ಈಗ ಅನುಮಾನ. ಆ ಗಿರಾಕಿಗೆ ಫೋನ್ ಮಾಡಿ ಯೂನಿಟ್ ತಂದುಕೊಡಿ, ಗ್ರಿಡ್ ಅಳೆದು ಕೊಡುತ್ತೇನೆ, ದುಡ್ಡು ಬೇಡ ಅಂತ ಹೇಳಿದ್ದೇನೆ.

ವಾಲ್ವ್ ವೆಂಕಿ

ಒಳ್ಳೆ ಕೆಲಸ ಸೀನ. ಅಳತೆ ಬಂದ ಮೇಲೆ ಇಲ್ಲಿ ಬರೆಯಿರಿ.

ಬರ್ಬ್ಯಾಂಕ್ ಕನ್ನಡಿಗ

ಒಂದು ಸಣ್ಣ ಅನುಮಾನ ಉಳಿದಿದೆ. ಆನ್ ಮಾಡಿದ ಮೇಲೆ ಮೀಟರ್ ಸೊನ್ನೆ ಸರಿ ಮಾಡುತ್ತೇನೆ, ಹತ್ತು ನಿಮಿಷದಲ್ಲಿ ಮತ್ತೆ ಜಾರುತ್ತೆ. ಇನ್ನೇನಾದರೂ ಸೋರುತ್ತಿದೆಯಾ?

ಹಳೆ ರೇಡಿಯೋ

ಇಲ್ಲ, ವಾಲ್ವ್ ಬಿಸಿ ಆಗುವ ತನಕ ಎಲ್ಲ ಎಲ್‌ಎ-2ಎಗಳೂ ಹಾಗೇ. ಆನ್ ಮಾಡಿ ಕಾಫಿ ಕುಡಿದು ಬನ್ನಿ, ಇಪ್ಪತ್ತು ನಿಮಿಷ ಆದ ಮೇಲೆ ಸ್ಕ್ರೂ ತಿರುಗಿಸಿ. ತೆಗೆದ ಕೆಪಾಸಿಟರ್, ರೆಸಿಸ್ಟರ್ ಎಲ್ಲ ಒಂದು ಕವರ್‌ಗೆ ಹಾಕಿ, ಮೇಲೆ ತಾರೀಕು ಬರೆದು, ಯಂತ್ರದ ಜೊತೆಗೇ ಇಡಿ.

ಬರ್ಬ್ಯಾಂಕ್ ಕನ್ನಡಿಗ

ಕವರ್ ಆಗಲೇ ರೆಡಿ. ಪೆನ್ಸಿಲ್‌ನಲ್ಲೇ ಬರೆದಿದ್ದೇನೆ.